ಗಡಿಗುರುತಿಗೆ ಹತ್ತಿದ ಕಲ್ಲುಹೂವು

ಇಂಥದ್ದನ್ನು ಯಾರಾದರೂ ಹೇಳಿದರೆ, ‘ಸರಿಯಾಗಿ ನೋಡಿರಲಿಕ್ಕಿಲ್ಲ’ ಎಂದು ಮಾತು ಮುಗಿಸುತ್ತಿದ್ದವನು ನಾನು. ಈಗ ಅದೇ ಮಾತನ್ನು ನೀವು ನನಗೆ ಹೇಳಬಹುದು. ಬೇಸರವಿಲ್ಲ.

ಕುಂದಾಪುರದಲ್ಲಿ ನನ್ನದು ಜಾಗ ಅಳೆಯುವ ಕೆಲಸ. ಕೆಲವು ವರ್ಷಗಳ ಹಿಂದೆ ವಂಡ್ಸೆಯ ಆಚೆಯ ಗುಡ್ಡವೊಂದಕ್ಕೆ ಹೋಗಿದ್ದೆ. ಅಲ್ಲಿ ಗಿರಿಜಕ್ಕ ಎಂಬವರಿಗೂ ಪಕ್ಕದ ಜಾಗದ ಶೇಖರನಿಗೂ ತಕರಾರು. ಬಂಡೆಯ ಬುಡದಲ್ಲಿ ಒಂದು ಒರತೆ. ಬೇಸಿಗೆಯಲ್ಲಿ ಬಾವಿ ಬತ್ತಿದ ಮೇಲೆ ಗಿರಿಜಕ್ಕನ ಮನೆಗೆ ಅದೇ ನೀರು. ಶೇಖರ ಅದಕ್ಕೆ ಬೇಲಿ ಹಾಕಲು ಹೊರಟಿದ್ದ. ಬಂಡೆಯ ಮೇಲೆ ಹಳೆಯ ಗಡಿಗುರುತಿದೆ, ಅದರಂತೆ ಒರತೆ ತಮ್ಮದು ಎಂದು ಗಿರಿಜಕ್ಕ. ಗುರುತು ಹಳೆಯದೆಂದು ನಾನು ಬರೆದುಕೊಟ್ಟರೆ ಒಪ್ಪುವುದಾಗಿ ಶೇಖರ ಹೇಳಿದ್ದ.

ಇಂಥ ಕಡೆ ನಾನು ನೋಡುವುದು ಕಲ್ಲುಹೂವನ್ನು. ಅಡುಗೆಗೆ ಹಾಕುವ ಎಲೆಯಂಥದ್ದಲ್ಲ. ಬೂದಿಬಣ್ಣದ ಹುರುಪೆಯಂತೆ ಬಂಡೆಗೆ ಕಚ್ಚಿಕೊಂಡಿರುವ ಜಾತಿ. ವರ್ಷಕ್ಕೆ ಕೂದಲೆಳೆಯಷ್ಟು ಹರಡಿದರೆ ಹೆಚ್ಚು. ಉಳಿಯ ಗೆರೆಯೊಳಗೆ ಅದು ತುಂಬಿದ್ದರೆ ಗೆರೆ ಬಿದ್ದು ತಲೆಮಾರಾಯಿತು ಎಂದೇ ಲೆಕ್ಕ.

ಆ ಸಂಜೆ ಮೂವರೂ ಬಂಡೆ ಹತ್ತಿದೆವು. ಸುತ್ತಲೂ ಕಲ್ಲುಹೂವು ಹಬ್ಬಿತ್ತು. ಗುರುತಿನ ಎರಡು ಗೆರೆಗಳು ಮಾತ್ರ ಬೆಳ್ಳಗಿದ್ದವು. ಬೆರಳಿಟ್ಟೆ. ಕಲ್ಲಿನ ಪುಡಿ ಅಂಟಿತು.

“ನಮ್ಮ್ ಅಜ್ಜಯ್ಯನ್ ಕಾಲದ್ ಗುರ್ತ್ ಮಾರಾಯ್ರೆ. ಸುಳ್ಳ್ ಹೇಳಿ ನಂಗೆಂತ ಆಯ್ಕ್?” ಎಂದರು ಗಿರಿಜಕ್ಕ.

ಶೇಖರ ನಕ್ಕ. “ಹ್ವಾಯ್, ಅಜ್ಜಯ್ಯ ನಿನ್ನೆ ಬಂದ್ ಕೆತ್ತಿಕ್ ಹೋದ್ರಾ ಕೇಳಿ!”

ಬೇರೆ ಎರಡು ಗಡಿಕಲ್ಲುಗಳಿಂದ ಗುರುತಿಗಿರುವ ಅಳತೆ ಹಿಡಿದು ಬರೆದುಕೊಳ್ಳುವಷ್ಟರಲ್ಲಿ ಬೆಳಕು ಹೋಯಿತು. ಬೆಳಿಗ್ಗೆ ಇನ್ನೊಮ್ಮೆ ನೋಡಿ ಬರೆದುಕೊಡುತ್ತೇನೆ ಎಂದೆ. ಏನು ಬರೆಯಬೇಕೆಂದು ನನಗೆ ಗೊತ್ತಿತ್ತು. ಗಿರಿಜಕ್ಕನ ಮುಖ ನೋಡಿದರೆ ಅವರಿಗೂ ಗೊತ್ತಿದ್ದಂತಿತ್ತು.

ಬೆಳಿಗ್ಗೆ ಶೇಖರನೇ ಮುಂದೆ ಹತ್ತಿದ. ಹತ್ತಿದವನು ನಿಂತುಬಿಟ್ಟ.

ಗೆರೆಗಳ ತುಂಬ ಕಲ್ಲುಹೂವಿತ್ತು. ಹೊರಗಿನ ಹುರುಪೆ ಎಲ್ಲಿಯೂ ತುಂಡಾಗದೆ ಅಂಚು ದಾಟಿ ಗೆರೆಯ ತಳದವರೆಗೆ ಇಳಿದಿತ್ತು. ಇದು ಬೇರೆ ಗುರುತಿರಬೇಕೆಂದು ಮತ್ತೆ ಅಳತೆ ಹಿಡಿದೆ. ಹಿಂದಿನ ಸಂಜೆಯ ಅಳತೆಯೇ ಬಂತು, ಒಂದು ಬೆರಳೂ ಹೆಚ್ಚುಕಮ್ಮಿಯಿಲ್ಲ.

“ಎಂತ ಹಚ್ಚಿದ್ದಿ ಅಕ್ಕಾ ಇದ್ಕೆ? ಸಗಣಿಯಾ?” ಎಂದು ಶೇಖರ ಕೂಗಿದ. ಹೆಗಲ ಮೇಲಿನ ಬೈರಾಸನ್ನು ಒರತೆಯಲ್ಲಿ ಒದ್ದೆ ಮಾಡಿ ತಂದು ತಿಕ್ಕಿದ. ನೀರು ಬಿದ್ದಲ್ಲಿ ಬೂದಿಬಣ್ಣ ಹಸಿರಿಗೆ ತಿರುಗಿತು, ಜೀವವಿರುವ ಕಲ್ಲುಹೂವು ತಿರುಗುವಂತೆಯೇ. ನಾನು ಉಗುರಿನಲ್ಲಿ ಕೆರೆದೆ. ಏಳಲಿಲ್ಲ.

“ಇದ್ ಹಚ್ಚಿದ್ದಲ್ಲ ಮಾರಾಯ್ರೆ,” ಎಂದ ಅವನು, ಮೆಲ್ಲಗೆ.

ಗಿರಿಜಕ್ಕ ಕೆಳಗೇ ನಿಂತಿದ್ದರು. ಕರೆದೆ, ಬರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ನಮ್ಮಿಬ್ಬರಿಗಿಂತ ಅವರೇ ಹೆಚ್ಚು ಹೆದರಿದ್ದರು.

ಗುರುತು ಹಳೆಯದೆಂದು ಬರೆದು ಸಹಿ ಹಾಕಿದೆ. ಆ ಬೆಳಿಗ್ಗೆ ಕಣ್ಣಿಗೆ ಕಂಡದ್ದು ಅದು. ಹಿಂದಿನ ಸಂಜೆ ಕಂಡದ್ದೂ ಇದೇ ಕಣ್ಣಿಗೆ. ಎರಡನ್ನೂ ಹೊಂದಿಸಲು ನನಗೆ ಇಂದಿಗೂ ಆಗಿಲ್ಲ. ಶೇಖರ ತಕರಾರೆತ್ತಲಿಲ್ಲ, ಬೇಲಿಯನ್ನೂ ಹಾಕಲಿಲ್ಲ.

ಮರುಬೇಸಿಗೆಯಲ್ಲಿ ಅದೇ ದಾರಿಯಲ್ಲಿ ಹೋಗುವಾಗ ಗಿರಿಜಕ್ಕ ಎದುರಾದರು. ಬಹುದೂರದ ರಸ್ತೆಯ ನಲ್ಲಿಯಿಂದ ನೀರಿನ ಕೊಡಪಾನ ಹೊತ್ತು ಬರುತ್ತಿದ್ದರು.

“ಒರತೆ ಬತ್ತಿತಾ ಅಕ್ಕ?” ಎಂದೆ.

“ಇಲ್ಲೆ. ಈಗ್ಳೂ ತುಂಬಾ ನೀರಿತ್ತ್.”

ಕೊಡಪಾನವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ, ಬಂಡೆಯ ಕಡೆ ತಿರುಗಿಯೂ ನೋಡದೆ ನಡೆದುಬಿಟ್ಟರು.