ಮಹಡಿಯಾದ ಕೊಬ್ಬರಿ ಅಟ್ಟ

ಗುಬ್ಬಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಮನೆ ಕಂದಾಯದ ಅರ್ಜಿ ತುಂಬಿಸಲು ಬರುವವರಿಗೆಲ್ಲ ಈ ಮುಜೀಬನೇ ಗತಿ. ಹತ್ತು ವರ್ಷದಲ್ಲಿ ಎಂತೆಂಥವರನ್ನೋ ಕಂಡಿದ್ದೇನೆ, ಭದ್ರಮ್ಮನಷ್ಟು ನನ್ನ ತಲೆ ತಿಂದವರು ಇನ್ನೊಬ್ಬರಿಲ್ಲ.

ಅರವತ್ತೈದು ದಾಟಿದ ಹೆಂಗಸು. ಹೆಬ್ಬೂರಿನ ಹತ್ತಿರ ತವರಿನವರು ಕೊಟ್ಟ ನಲವತ್ತು ತೆಂಗಿನಮರ, ಇಲ್ಲೊಂದು ಹೆಂಚಿನ ಮನೆ, ಅಷ್ಟೇ ಆಸ್ತಿ. ಗಂಡ ದೊಡ್ಡರಂಗಯ್ಯನವರ ಕಿಡ್ನಿ ಕೆಟ್ಟು ಎರಡು ವರ್ಷವಾಯಿತು. ವಾರಕ್ಕೆರಡು ಸಲ ಅವರನ್ನು ಬಸ್ಸಿನಲ್ಲಿ ತುಮಕೂರಿಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಾರೆ. ಬಿಪಿಎಲ್ ಕಾರ್ಡ್ ಇರುವುದರಿಂದ ಅದು ಪುಕ್ಕಟೆ.

ಹೋದ ವರ್ಷ ಮನೆ ಅಳೆಯಲು ಸರ್ವೆಯವನೊಬ್ಬ ಬಂದ. ಆ ಮನೆಯ ಹೆಂಚಿನಡಿ ಅಡಿಕೆ ಮರ ಸೀಳಿದ ದಬ್ಬೆ ಹಾಸಿದ ಅಟ್ಟವಿದೆ, ದೊಡ್ಡರಂಗಯ್ಯ ಕೈಯಾರೆ ಕಟ್ಟಿದ್ದು. ಮೇಲೆ ಎರಡು ಸಾವಿರ ಕಾಯಿ, ಸಿಪ್ಪೆಯೊಳಗೇ ಒಣಗಿ ಉಂಡೆ ಕೊಬ್ಬರಿಯಾಗಲು ವರ್ಷಕ್ಕೂ ಮೇಲೆ ಬಿಟ್ಟದ್ದು. ಅವನು ಏಣಿಗೆ ಕಾಲಿಟ್ಟಿದ್ದೇ ತಡ, ಭದ್ರಮ್ಮ ಅಡ್ಡ ನಿಂತರಂತೆ.

"ಹತ್‌ಬ್ಯಾಡ ಕಣಪ್ಪ, ಕಾಯಿ ಅಲುಗಾಡಿದ್ರೆ ಕೊಬ್ರಿ ಕೆಟ್ಟೋಯ್ತದೆ."

ಆ ಮಹಾನುಭಾವನೋ, ಬೀದಿಯಲ್ಲಿ ನಿಂತು ಮೇಲಿನ ಗವಾಕ್ಷಿ ನೋಡಿ 'ಒಂದನೇ ಮಹಡಿ, ಬಾಡಿಗೆಗೆ' ಎಂದು ಬರೆದುಕೊಂಡು ಹೋದ! ಆರುನೂರಿಪ್ಪತ್ತು ಚದರಡಿಯ ಮನೆ ಕಾಗದದಲ್ಲಿ ಸಾವಿರದ ಇನ್ನೂರ ನಲವತ್ತಾಯಿತು. ಕಂದಾಯ ಏರಿದ್ದು ಹಾಳಾಗಲಿ, ಸಾವಿರ ಚದರಡಿ ದಾಟಿದವರಿಗೆ ಬಿಪಿಎಲ್ ಇಲ್ಲ, ತಿಂಗಳೊಳಗೆ ತಿದ್ದಿಸದಿದ್ದರೆ ಕಾರ್ಡ್ ರದ್ದು ಎಂದು ನೋಟೀಸು ಬಂತು.

ಮೂರು ಸಲ ಆಕ್ಷೇಪಣೆ ಹಾಕಿದೆ. ಮೂರು ಸಲವೂ 'ಒಳಗಿನ ಫೋಟೋ ಲಗತ್ತಿಸಿ' ಎಂದು ವಾಪಸ್. ಕಂಪ್ಯೂಟರಿನಲ್ಲಿ ನೆಲ, ಒಂದನೇ ಮಹಡಿ, ಎರಡನೇ ಮಹಡಿ ಎಲ್ಲ ಇದೆ, ಅಟ್ಟ ಎಂಬ ಪದವೇ ಇಲ್ಲ. ತೆಂಗು ಬೆಳೆಯೋ ಸೀಮೆಯಲ್ಲಿ! ಸರಿ, ಫೋಟೋ ಕೊಡೋಣ ಎಂದರೆ ಈಕೆಯದು ಬೇರೆ ರಾಗ.

"ಏಣಿ ಮೇಲಿಂದಾನೇ ಒಂದ್ ಫೋಟೋ ಹೊಡ್ಕೋತೀನಮ್ಮ."

"ಏಣಿ ದಬ್ಬೆಗೇ ಒರಗೋದಲ್ವಾ ಮುಜೀಬ? ಇನ್ ಮೂರೇ ತಿಂಗ್ಳು. ಕಾಯಿ ಇಳಿಸಿದ್ ಮ್ಯಾಲೆ ಎಷ್ಟಾದ್ರೂ ಹೊಡ್ಕೋ."

"ಅಷ್ಟೊತ್ತಿಗೆ ಕಾರ್ಡೇ ಇರಲ್ಲ! ಉಳಿದಿರೋದು ಒಂಬತ್ತೇ ದಿನ!"

"ಅದ್ನೇ ಅವ್ರಿಗೆ ಹೇಳು. ಕಾಯಿ ನಮ್ ಮಾತ್ ಕೇಳ್ತದಾ?"

ಅಂಗಡಿ ತುಂಬ ಜನ, ಸರ್ವರ್ ಬೇರೆ ಸತ್ತಿತ್ತು. ಯಾ ಅಲ್ಲಾ, ನನಗೆ ತಲೆ ಕೆಟ್ಟುಹೋಯಿತು.

"ಹಂಗಾದ್ರೆ ಅಟ್ಟಾನೇ ಕಿತ್ತಾಕು ಹೋಗಮ್ಮ! ಅಟ್ಟ ಇಲ್ದಿದ್ರೆ ಮಹಡೀನೂ ಇರಲ್ಲ, ನನ್ ತಲೆನೋವೂ ಇರಲ್ಲ!"

ಭದ್ರಮ್ಮ ನೋಟೀಸನ್ನು ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದರು.

ಆಮೇಲೆ ನನಗೇ ಕಸಿವಿಸಿ. ನಾಲ್ಕನೇ ದಿನ ಕಂದಾಯ ನಿರೀಕ್ಷಕ ಶಿವರಾಮಯ್ಯನವರನ್ನು ಕಾಡಿ ಬೇಡಿ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊರಟೆ. ದಾರಿಯಲ್ಲಿ ವಿಷಯ ಕೇಳಿ ಅವರಿಗೆ ನಗು.

"ನೆಟ್ಟಗೆ ನಿಲ್ಲೋಕಾಗದ ಜಾಗಾನ ಮಹಡಿ ಅಂತ ಬರೆದೋನು ಯಾವ್ ಪುಣ್ಯಾತ್ಮನಯ್ಯ? ಹತ್ತೋದೇನೂ ಬೇಡ. ಕೆಳಗಿಂದ ನೋಡಿದ್ರೆ ನಂಗೆ ಗೊತ್ತಾಗುತ್ತೆ."

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕಾಯಿ ಮುಟ್ಟಬೇಕಿಲ್ಲ, ಕಾರ್ಡೂ ಉಳಿಯುತ್ತದೆ.

ಮನೆಯಂಗಳದಲ್ಲಿ ದಬ್ಬೆಗಳ ರಾಶಿ ಬಿದ್ದಿತ್ತು. ಒಳಗೆ ತಲೆಯೆತ್ತಿದರೆ ನೇರ ಹೆಂಚು. ಮಂಚದ ಮೇಲೆ ಮಲಗಿದ್ದ ದೊಡ್ಡರಂಗಯ್ಯ ಅದನ್ನೇ ನೋಡುತ್ತಿದ್ದರು.

"ಮನೆ ಎತ್ರ ಆಯ್ತಲ್ಲ, ಸಾಮಿ," ಎಂದರು ಶಿವರಾಮಯ್ಯನವರಿಗೆ.

"ಕಾಯಿ ಎಲ್ಲಮ್ಮ?" ಎಂದು ಭದ್ರಮ್ಮನನ್ನು ಕೇಳಿದೆ.

"ನೆನ್ನೆ ವ್ಯಾಪಾರಿ ತುಂಬ್ಕಂಡ್ ಹೋದ. ಅತ್ಲಾಗೆ ಕಾಯೂ ಅಲ್ಲ, ಇತ್ಲಾಗೆ ಕೊಬ್ರೀನೂ ಅಲ್ಲ ಅಂತ ಅರ್ಧ ರೇಟ್‌ಗೆ ಕೇಳ್ದ. ಕೊಟ್‌ಬುಟ್ಟೆ."

ಶಿವರಾಮಯ್ಯ ನನ್ನ ಮುಖ ನೋಡಿದರು. ಆಮೇಲೆ 'ನೆಲ ಮಾತ್ರ, ಸ್ವಂತ ವಾಸ' ಎಂದು ಬರೆದು ಸಹಿ ಹಾಕಿದರು. ಕಾರ್ಡ್ ಉಳಿಯಿತು.

"ಯಾಕಮ್ಮ ಹಿಂಗ್ ಮಾಡ್ಕೊಂಡೆ? ಒಂದ್ ಮಾತು ಕೇಳ್ಬಾರ್ದಿತ್ತಾ?" ಎಂದು ರೇಗಿದೆ. ಆ ಸಿಟ್ಟು ಆಕೆಯ ಮೇಲಿನದಲ್ಲ.

ಭದ್ರಮ್ಮ ಏನೂ ಅರ್ಥವಾಗದವರಂತೆ ನನ್ನನ್ನೇ ನೋಡಿದರು.

"ನೀನೇ ಹೇಳ್ದಲ್ಲಪ್ಪ. ಓದಿರೋನು, ಸರ್‍ಯಾಗೇ ಹೇಳಿರ್ತೀಯ ಅಂದ್ಕಂಡೆ."