ಹನ್ನೊಂದು ಗಂಟೆಯ ಕಾಲುಗಳು

ಕಳೆದ ಸೋಮವಾರ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ಹಳೆ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಡುತ್ತಿದ್ದೆ. ಮಾರ್ಚಿನ ಬಿಸಿಲು. ಮೋಡವಿಲ್ಲ, ಕಾಗೆಯಿಲ್ಲ. ಬೆಳಿಗ್ಗೆ ನಲ್ಲಿಯಲ್ಲಿ ಹತ್ತು ನಿಮಿಷ ಹೆಚ್ಚು ನೀರು ಬಂದಿತ್ತು. ಸೀಮೆಎಣ್ಣೆ ಕ್ಯೂವಿನಲ್ಲಿ ನನ್ನ ಸರದಿ ಬರುವವರೆಗೂ ಡ್ರಮ್ಮು ಖಾಲಿಯಾಗಿರಲಿಲ್ಲ. (ಇಂಥವಕ್ಕೆಲ್ಲ ದೇವರಿಗೆ ಕೈಮುಗಿಯುವುದು ನನ್ನ ಅಭ್ಯಾಸ. ನಗುವವರು ನಗಲಿ.)

ಆಗ ಅಂಗಾಲಿಗೆ ಏನೋ ತಾಗಿತು.

ಧಪ್. ಧಪ್. ಧಪ್. ಧಪ್.

ಹೊರಗಿನಿಂದಲ್ಲ, ಕೆಳಗಿನಿಂದ. ಸಿಮೆಂಟು ಮೆಲ್ಲಗೆ ಮಿಡಿಯುತ್ತಿತ್ತು. ರೈಲಿನ ಸದ್ದೇ? ರೈಲು ಬಂದು ಹೋಗುತ್ತದೆ. ಇದು ಎಲ್ಲಿಗೂ ಹೋಗುತ್ತಿರಲಿಲ್ಲ.

ಗಂಟೆ ಹನ್ನೊಂದು. ಶಾಲೆಯ ಪಿ.ಟಿ. ಪೀರಿಯಡ್ಡಿನ ಹೊತ್ತು. ಆದರೆ ಪಿ.ಟಿ. ನಿಂತು ಎರಡು ತಿಂಗಳಾಯಿತಲ್ಲ? ನಿಲ್ಲಿಸಿದವರಲ್ಲಿ ನಾನೂ ಒಬ್ಬಳಲ್ಲವೇ?

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಕೊನೆಯ ಮಾಳಿಗೆಯಲ್ಲೇ ಕನ್ನಡ ಶಾಲೆ. ಮೈದಾನವಿಲ್ಲ. ಮಕ್ಕಳು ಕವಾಯತು ಮಾಡುತ್ತಿದ್ದದ್ದು ಈ ಟೆರೇಸಿನಲ್ಲಿ. ಹಪ್ಪಳ ಒಣಗಿಸಲು ನಮಗೂ ಬೇರೆ ಜಾಗವಿಲ್ಲ. ಸಂಕ್ರಾಂತಿ ಕಳೆದದ್ದೇ ತಡ, ಎರಡನೆಯ ಮಾಳಿಗೆಯ ವಿಮಲಕ್ಕ ನನ್ನನ್ನು ಎಳೆದುಕೊಂಡು ಹೆಡ್‌ಮಾಸ್ತರರ ಬಳಿ ಹೋದರು.

"ಕುಣಿದು ಯಾರು ಕಲೆಕ್ಟರ್ ಆದದ್ದು ಸರ್? ಆ ಹೊತ್ತಿಗೆ ನಾಲ್ಕು ಲೆಕ್ಕ ಮಾಡ್ಸಿ," ಎಂದರು. ನಾನು ತಲೆಯಾಡಿಸಿದೆ. ಹಪ್ಪಳದ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ಟೆರೇಸಿನ ಬೀಗದಕೈ ನನ್ನ ಸೊಂಟ ಸೇರಿತು.

ನನಗೆ ಇನ್ನೊಂದು ಕಾರಣವೂ ಇತ್ತು. ಏಳನೆಯ ಕ್ಲಾಸಿನ ಮಗಳು ಶೈಲಾ. ಕೂತಲ್ಲಿ ಕೂರದ ಹುಡುಗಿ. ಮಗ್ಗಿಯನ್ನೂ ಹೊಸಿಲು ಹಾರುತ್ತಲೇ ಹೇಳುವವಳು. "ಇವಳನ್ನು ಒಂದು ಕಡೆ ಕೂರಿಸಪ್ಪಾ" ಎಂದು ಐದು ಮಂಗಳವಾರ ತುಪ್ಪದ ದೀಪ ಹಚ್ಚಿಟ್ಟಿದ್ದೆ.

ದೇವರು ಕೂರಿಸಿದ.

ಪಿ.ಟಿ. ನಿಂತ ಮೇಲೆ ಶೈಲಾ ಪುಸ್ತಕ ಹಿಡಿದು ಕಿಟಕಿಯ ಬಳಿ ಕೂತರೆ ಕೂತಳು. ಎಷ್ಟು ಒಳ್ಳೆಯದಾಯಿತು ಎಂದುಕೊಂಡೆ. ವಾರ ಕಳೆದ ಮೇಲೆ ಗಮನಕ್ಕೆ ಬಂತು, ಪುಟ ಮಗುಚುವ ಸದ್ದೇ ಇಲ್ಲ. ನಿನ್ನೆಯ ಪುಟವೇ ಇಂದೂ. ಕರೆದರೆ ತಿರುಗುತ್ತಾಳೆ, ತುಸು ತಡವಾಗಿ, ಬೇರೆ ಯಾರನ್ನೋ ಕರೆದ ಹಾಗೆ. ಟೆಸ್ಟಿನಲ್ಲಿ ಬರೆದು ಬಂದದ್ದು ತನ್ನ ಹೆಸರು ಮಾತ್ರ. ಸೋಮವಾರ ಬಾಯಲ್ಲಿ ಕೇಳುತ್ತೇವೆ, ಆಗಲೂ ಬಾರದಿದ್ದರೆ ಈ ವರ್ಷ ಏಳರಲ್ಲೇ ಉಳಿಸುತ್ತೇವೆ ಎಂದು ಶಾಲೆಯಿಂದ ಚೀಟಿ ಬಂದಿತ್ತು.

ಆ ಸೋಮವಾರವೇ ಇದು. ಶಾಲೆಯ ಕಸ ಗುಡಿಸುವ ಮಾವಶಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಳು. "ವಹಿನಿ, ಖಾಲೀ ಯಾ! ಶೈಲಾ ಬೋಲತ್ ನಾಹೀ!"

ಕೆಳಗೆ ಬರಬೇಕಂತೆ, ಶೈಲಾ ಮಾತಾಡುತ್ತಿಲ್ಲವಂತೆ. ಹಿಟ್ಟಿನ ಕೈಯಲ್ಲೇ ಇಳಿದು ಓಡಿದೆ.

ಕ್ಲಾಸಿನಲ್ಲಿ ನಲವತ್ತು ಮಕ್ಕಳು. ಶೈಲಾ ಕರಿಹಲಗೆಯ ಪಕ್ಕ ನಿಂತಿದ್ದಳು, ಬಾಯಿ ಹೊಲಿದ ಹಾಗೆ. ವಿಜಾಪುರದ ಕಡೆಯ ಶಾಂತಾ ಟೀಚರು ಚಾಕ್ ಹಿಡಿದು ಸೋತುಹೋಗಿದ್ದರು.

"ನೋಡ್ರಿ ಅಕ್ಕಾರ, ಹದಿನಾಲ್ಕರ ಮಗ್ಗಿ ಕೇಳೀನಿ. ಗ್ವಾಡಿ ನೋಡಕೋತ ನಿಂತಾಳ."

"ಟೀಚರ್, ಈ ಸದ್ದು ಎಂತದ್ದು?"

ಅವರು ದನಿ ತಗ್ಗಿಸಿದರು. "ನಿಮಗೂ ಕೇಳ್ತೈತೇನ್ರಿ? ದಿನಾ ಹನ್ನೊಂದಕ್ಕ ಶುರು. ಬೈದೆ, ಬಡದೆ. ಯಾರು ಮಾಡಾಕತ್ತೀರಿ ಅಂದ್ರ ಒಬ್ಬರಿಗೂ ಗೊತ್ತಿಲ್ಲ."

ಬಗ್ಗಿ ಬೆಂಚುಗಳ ಕೆಳಗೆ ನೋಡಿದೆ. ದೇವರೇ!

ಮೇಲೆ ಸಾಲು ಸಾಲು ಮುಖ, ಫೋಟೋದಲ್ಲಿದ್ದ ಹಾಗೆ. ಕೆಳಗೆ ಅಷ್ಟೂ ಕಾಲುಗಳು ನಡೆಯುತ್ತಿದ್ದವು. ಎಡ, ಬಲ, ಎಡ, ಬಲ. ಒಂದೂ ತಪ್ಪುತ್ತಿಲ್ಲ. ಎಣಿಸುವವರಿಲ್ಲ, ಕೂಗುವವರಿಲ್ಲ. ಮುಖಗಳಿಗೆ ಕಾಲುಗಳ ಸುದ್ದಿಯೇ ಮುಟ್ಟಿರಲಿಲ್ಲ.

ಶೈಲಾಳ ಕಾಲುಗಳೂ, ನಿಂತಲ್ಲೇ.

"ಎಂತ ಮಗಾ, ಕಾಲು ಯಾಕೆ ಹಾಗೆ ಮಾಡ್ತಿ?"

ತಡವಾಗಿ ನನ್ನತ್ತ ತಿರುಗಿದಳು. "ಯಾವ ಕಾಲಮ್ಮ?"

ಇವಳು ಇಲ್ಲಿಲ್ಲ ಅನಿಸಿತು. ನಾನೇ ಬೇಡಿಕೊಂಡು ಕೂರಿಸಿದ್ದು ಯಾರನ್ನು ಹಾಗಾದರೆ?

"ಟೀಚರ್, ಇವರನ್ನೆಲ್ಲ ಮೇಲೆ ಕರ್ಕೊಂಡು ಬನ್ನಿ. ಈಗಲೇ."

"ಮ್ಯಾಲ ನಿಮ್ಮ ಸಂಡಿಗಿ ಐತೆಲ್ರಿ?"

"ಸಂಡಿಗೆಗೆ ಪರೀಕ್ಷೆ ಇಲ್ಲ."

ಪಂಚೆಯನ್ನು ಸಂಡಿಗೆ ಸಮೇತ ಮೂಲೆಗೆ ಎಳೆದೆ. ಮಕ್ಕಳು ಸಾಲಾಗಿ ನಿಂತರು, ಮೊದಲು ಅದೇ ಕಲ್ಲಿನ ಮುಖ ಹೊತ್ತು. ಟೀಚರು "ಒಂದು, ಎರಡು" ಎಂದು ಕೂಗಿದರು. ಕಾಲು ಎತ್ತರಕ್ಕೆ ಎದ್ದಿತು, ಕೈ ಬೀಸಿತು. ಐದು ನಿಮಿಷಕ್ಕೆ ಬೆವರು. ಹತ್ತಕ್ಕೆ ಜಗಳ. "ಏ, ಧಕ್ಕಾ ಮತ್ ಮಾರ್!" ಎಂದು ತಳ್ಳಿಸಿಕೊಂಡವರು ಯಾರೋ ಕಿರುಚಿದಾಗ ನನಗೆ ಅಳುವೇ ಬಂತು. ಕಾಲು, ಮುಖ ಎರಡೂ ಒಂದೇ ಮಗುವಿನದಾಗಿದ್ದವು.

ಟೀಚರು ಜಾಣೆ. ಶೈಲಾ ಹಾರುತ್ತಿದ್ದಂತೆಯೇ ಕೇಳಿದರು, "ಹದಿನಾಲ್ಕೆಂಟ್ಲೆ?"

"ನೂರಾ ಹನ್ನೆರಡು!"

"ಒಂಬತ್ಲೆ?"

"ನೂರಾ ಇಪ್ಪತ್ತಾರು! ಅಮ್ಮಾ, ನಿನ್ನ ಕೈಯೆಲ್ಲ ಹಿಟ್ಟು!"

ಎರಡು ತಿಂಗಳಲ್ಲಿ ಮೊದಲ ಸಲ ನನ್ನನ್ನು ನೋಡಿದ್ದಳು.

"ಎಂಟನೇ ಕ್ಲಾಸಿಗೆ ಕಳಸ್ತೀನ್ರಿ," ಎಂದರು ಟೀಚರು. "ಆದ್ರ ದಿನಾ ಮ್ಯಾಲ ಬಿಡಬೇಕು." ಬೀಗದಕೈ ಬಿಚ್ಚಿ ಅವರ ಕೈಗೇ ಇಟ್ಟೆ.

ಮೈ ಕದಲಿದರೆ ಬುದ್ಧಿ ಯಾಕೆ ಎಚ್ಚರವಾಗುತ್ತದೆ? ಅದನ್ನು ಓದಿದವರು ಹೇಳಲಿ. ನನಗೆ ಗೊತ್ತಿರುವುದು ಇಷ್ಟೇ. ಮಕ್ಕಳು ಅಲ್ಲಾಡದೆ ಕೂತರೆ ಓದುತ್ತಿದ್ದಾರೆ ಎಂದು ನಾವು ನೆಮ್ಮದಿಯಾಗಿರುತ್ತೇವೆ. ಕೂತವರು ಅಲ್ಲೇ ಇದ್ದಾರೆಂದು ನಮಗೆ ಹೇಳಿದವರು ಯಾರು?

ಇಳಿದು ಬರುವಾಗ ಮೆಟ್ಟಿಲಲ್ಲಿ ವಿಮಲಕ್ಕ ಅಡ್ಡ ನಿಂತಿದ್ದರು. "ಇನ್ನು ಹಪ್ಪಳ ಎಲ್ಲಿ ಒಣಗಿಸುದು ಮಾರಾಯ್ತಿ, ನಿನ್ನ ತಲೆ ಮೇಲೆಯಾ?"

"ಒಣಗಿಸಿ ಅಕ್ಕಾ. ಬಿಸಿಲು ಅಲ್ಲೂ ಬೀಳ್ತದೆ."

ಒಳಗೆ ಬಂದು ಕೈ ತೊಳೆದೆ. ಮಧ್ಯಾಹ್ನದ ಸಾರಿಗೆ ಕಾಯಿ ಬೇಕಿತ್ತು. ತುರಿಮಣೆಯ ಮೇಲೆ ಕೂತು ತುರಿಯತೊಡಗಿದೆ.

ನನ್ನ ಕಾಲಿನ ಕಡೆ ಮಾತ್ರ ನೋಡಲಿಲ್ಲ.