ಶಿವವ್ವನ ಎಡಗಾಲಿನ ಲೊಕೇಶನ್

ದಾನೇಶ್ವರಿ ಸುಳ್ಳುಬುರುಕಿಯಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವಳು ಅತ್ತೆಗೆ ಹೇಳಿದ್ದು ಒಂದೇ ಒಂದು ಸುಳ್ಳು, ಅದೂ ಒಲೆಯ ಮುಂದೆ ಕೂತು ರೊಟ್ಟಿ ತಿರುವಿ ಹಾಕುತ್ತಾ, ತಲೆ ಎತ್ತದೆ.

ಹಳಿಯಾಳದ ಹುಡುಗಿ ಅವಳು. ಮುಂಡಗೋಡ ತಾಲೂಕಿನಲ್ಲಿ ಅತ್ತಿವೇರಿಗೆ ಹೋಗುವ ಹಾದಿಯ ಮೇಲಿನ ಒಂದು ಊರಿಗೆ ಸೊಸೆಯಾಗಿ ಬಂದಿದ್ದಳು. ಗಂಡ ಸಿದ್ದಲಿಂಗ ಟೆಂಪೋ ಓಡಿಸುತ್ತಾನೆ. ಬೆಳಿಗ್ಗೆ ಹೋದವನು ಮನೆ ಕಾಣುವುದು ಸಂಜೆಗೆ. ದಾನೇಶ್ವರಿಯ ಕೈಯಲ್ಲಿ ಜೋಳದ ರೊಟ್ಟಿ ಹಪ್ಪಳದಷ್ಟು ತೆಳ್ಳಗೆ ಬರುತ್ತದೆ, ಗುರೆಳ್ಳು ಚಟ್ನಿಗಂತೂ ಎದುರು ಮಾತಿಲ್ಲ. ಅದನ್ನೇ ಮಾರೋಣವೆಂದು ಮೊಬೈಲಿನಲ್ಲಿ ‘ದಾನವ್ವನ ರೊಟ್ಟಿ’ ಅಂತ ಒಂದು ಪೇಜ್ ತೆರೆದಳು. ರೊಟ್ಟಿ ಬಡಿಯುವ ರೀಲ್ಸ್ ಹಾಕಿದಳು. ನೋಡಿದವರು ಯಾರು? ತಂಗಿ ಪೂರ್ಣಿಮಾ, ಮತ್ತೆ ದಾಂಡೇಲಿ ಬಂಗೂರನಗರದ ಚಿಕ್ಕಮ್ಮ. ಲೈಕ್ ಒತ್ತುವವರೂ ಅವರೇ, ಊರಿಗೆ ಬಂದಾಗ ಪುಕ್ಕಟೆ ರೊಟ್ಟಿ ಒಯ್ಯುವವರೂ ಅವರೇ.

ಆ ಮನೆಯಲ್ಲಿ ಖರೇ ಹೆಸರು ಇದ್ದದ್ದು ಅತ್ತೆ ಶಿವವ್ವನ ಎಡಗಾಲಿಗೆ. ಶಿವವ್ವ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಬರಿಹೊಟ್ಟೆಯಲ್ಲಿ ಕಾಲು ಮುಟ್ಟಿಸಿದರೆ ಹಿಡಿದ ಟೊಂಕ ಬಿಡುತ್ತದೆ ಎಂದು ಸುತ್ತಿನ ಊರವರ ನಂಬಿಕೆ. ಬಿಡುತ್ತದೋ ಇಲ್ಲವೋ, ಆ ವಾದ ಇಲ್ಲಿ ಬೇಡ. ಬಂದವರು ಕಟ್ಟೆಯ ಮೇಲೆ ಬೋರಲಾಗಿ ಮಲಗಬೇಕು, ಮುದುಕಿ ಗೋಡೆ ಹಿಡಿದು ನಿಂತು ಅವರ ಟೊಂಕಕ್ಕೆ ಮೂರು ಸಲ ಕಾಲು ಮುಟ್ಟಿಸಬೇಕು, ಅಷ್ಟೇ. ಅದಕ್ಕೆ ಏನೂ ತೆಗೆದುಕೊಳ್ಳುವಂತಿಲ್ಲ. ಅಂಗಳಕ್ಕೆ ಬಂದವರನ್ನು ಹಿಂದಕ್ಕೆ ಕಳಿಸುವಂತಿಲ್ಲ. ಕಡೆಯವನು ಎದ್ದು ಹೋಗುವತನಕ ಒಂದು ತುತ್ತು ಬಾಯಿಗೆ ಇಡುವಂತಿಲ್ಲ. ಅವಳ ತಾಯಿ ಹೇಳಿಕೊಟ್ಟು ಹೋದ ಕಟ್ಟಳೆ ಇದು. ದಿನಕ್ಕೆ ಒಬ್ಬರೋ ಇಬ್ಬರೋ ಬರುತ್ತಿದ್ದಾಗ ಇದೇನು ಭಾರವಾಗಿರಲಿಲ್ಲ, ಚಹಾದ ಹೊತ್ತಿಗೆಲ್ಲ ಮುಗಿದುಹೋಗುತ್ತಿತ್ತು.

ಒಂದು ಮುಂಜಾನೆ ಅತ್ತಿವೇರಿಯ ಹಕ್ಕಿಗಳ ಫೋಟೋ ತೆಗೆಯಲು ಬಂದಿದ್ದ ಹುಬ್ಬಳ್ಳಿಯವನೊಬ್ಬ ಟೊಂಕ ಹಿಡಿದು ಬಿಲ್ಲಿನಂತೆ ಬಾಗಿ ಆ ಅಂಗಳಕ್ಕೆ ಬಂದ. ದಾನೇಶ್ವರಿ ಸುಮ್ಮನೆ ಮೊಬೈಲ್ ಹಿಡಿದಿದ್ದಳು. ಬಾಗಿ ಬಂದವನು ನೆಟ್ಟಗೆ ಎದ್ದು ನಿಂತು ಮುದುಕಿಯ ಕಾಲಿಗೆ ಬಿದ್ದದ್ದು, ಆಮೇಲೆ ಅಲ್ಲೇ ಕೂತು ರೊಟ್ಟಿ ತಿಂದದ್ದು, ಎರಡೂ ಒಂದೇ ರೀಲಿಗೆ ಸೇರಿದವು. ಸಂಜೆಯೊಳಗೆ ಅದು ಎಲ್ಲೆಲ್ಲಿಗೋ ಹೋಗಿತ್ತು. ‘ಲೊಕೇಶನ್ ಕಳಸ್ರಿ’ ಎಂದು ಮಂದಿ ಗಂಟುಬಿದ್ದರು. ಒಬ್ಬೊಬ್ಬರಿಗೆ ಹಾದಿ ಹೇಳಿ ಸಾಕಾಗಿ, ಪೂರ್ಣಿಮಾಳನ್ನು ಕೇಳಿಕೊಂಡು ದಾನೇಶ್ವರಿ ಮ್ಯಾಪಿನಲ್ಲಿ ಮನೆಯನ್ನೇ ಸೇರಿಸಿಬಿಟ್ಟಳು: ‘ಶಿವವ್ವನ ಕಾಲು, ದಾನವ್ವನ ರೊಟ್ಟಿ’.

ಅಲ್ಲಿಂದ ಶುರುವಾಯಿತು ನೋಡಿ. ದಾಂಡೇಲಿ, ಜೋಯಿಡಾದ ರೆಸಾರ್ಟುಗಳಿಗೆ ಬಂದವರೂ ಕಾರು ತಿರುಗಿಸಿಕೊಂಡು ಬರತೊಡಗಿದರು. ಟೊಂಕ ಹಿಡಿದವರು ಕೆಲವರು, ವಿಡಿಯೋ ಮಾಡಿಕೊಳ್ಳಲು ಟೊಂಕ ಹಿಡಿದಂತೆ ನಟಿಸುವವರು ಹಲವರು. ಕಾದು ಕಾದು ಎಲ್ಲರಿಗೂ ಹಸಿವು. ದಾನೇಶ್ವರಿ ಹಂಚು ಇಳಿಸುವಂತಿಲ್ಲ. ಪಕ್ಕದ ಮನೆಯ ತಾಯವ್ವನನ್ನು ರೊಟ್ಟಿ ಬಡಿಯಲು ಕರೆದುಕೊಂಡಳು. ಹುಬ್ಬಳ್ಳಿಯಲ್ಲಿ ರೈಲು ಇಳಿದವರೂ ‘ದಾನವ್ವನ ರೊಟ್ಟಿ’ ಎಂದು ಹುಡುಕಿಕೊಂಡು ಬರುತ್ತಿದ್ದರು. ತನ್ನ ಹೆಸರು ಮಂದಿಯ ಬಾಯಲ್ಲಿ ಕೇಳುವುದು ಎಷ್ಟು ಸಿಹಿಯೆಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ. ಕಟ್ಟೆಯ ಮೇಲೆ ಮಾತ್ರ ಮುದುಕಿ ಗೋಡೆ ಹಿಡಿದು, ಹಸಿದುಕೊಂಡು, ಒಂಟಿಕಾಲಿನ ಮೇಲೆ ಹೊತ್ತು ಏರುವತನಕ ನಿಂತಿರುತ್ತಿದ್ದಳು. ಅವಳ ಕಣ್ಣ ಮುಂದೆಯೇ ಪರವೂರಿನವರು ಅವಳ ಮನೆಯ ರೊಟ್ಟಿ ತಿಂದು ಬೆರಳು ನೆಕ್ಕುತ್ತಿದ್ದರು.

ಶಿವವ್ವನಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಹೇಳಿದ ಹೊತ್ತಿಗೆ ಗುಳಿಗೆ ನುಂಗುವುದನ್ನು ಅವಳು ತಪ್ಪಿಸಿದವಳೇ ಅಲ್ಲ. ಗುಳಿಗೆಯೇನು ಊಟವೇ, ಅದರಿಂದ ಕಟ್ಟಳೆ ಕೆಡುವುದಿಲ್ಲ ಎಂದು ಅವಳ ಲೆಕ್ಕ. ನುಂಗಿದ ಮೇಲೆ ಉಣ್ಣುವುದು ಮಾತ್ರ ಮಧ್ಯಾಹ್ನಕ್ಕೆ ಹೋಗಿತ್ತು. ಇದು ದಾನೇಶ್ವರಿಗೆ ಗೊತ್ತಿತ್ತು. ಹಸಿವಿಗೆ ಮುದುಕಿಯ ಕೈ ನಡುಗುವುದನ್ನೂ ಕಂಡಿದ್ದಳು.

ಒಂದು ದಿನ ಮುದುಕಿ ಒಲೆಯ ಹತ್ತಿರ ಬಂದು ಕೂತಳು. “ದಾನವ್ವಾ, ಆ ಮೊಬೈಲಿನ್ಯಾಗ ನಮ್ಮ ಮನಿ ಹಾಕೀಯಲ್ಲ, ಅದನ್ನ ತಗಿಯಾಕ ಬರ್ತೈತೇನ?”

ಅವತ್ತು ಆಗಲೇ ನಾಲ್ಕು ಕಾರು ಬಂದು ನಿಂತಿದ್ದವು. ಹಿಟ್ಟು ನಾದಿ ಇಟ್ಟಿತ್ತು.

“ಒಮ್ಮೆ ಹಾಕಿದ್ದ ತಗಿಯಾಕ ಬರಂಗಿಲ್ರಿ ಅತ್ತಿ.”

“ಹೌದನ?” ಎಂದಳು ಶಿವವ್ವ. “ಹಂಗಾರ ಏನ್ ಮಾಡಾಕ ಬರ್ತೈತಿ. ಬಂದವರು ಬರ್ಲಿ ಬಿಡು, ಅವರರ ಏನ್ ಮಾಡ್ಯಾರು, ಬ್ಯಾನಿ ತಡಕೊಳ್ಳಾಕ ಆಗದ ಬರ್ತಾರ.” ಮೊಣಕಾಲಿಗೆ ಕೈ ಊರಿ ಎದ್ದು ಹೋಗಿ ಮತ್ತೆ ಗೋಡೆ ಹಿಡಿದಳು. ಈ ಶ್ರಾವಣ ಒಂದು ಮುಗಿಯಲಿ, ಆಮೇಲೆ ತೆಗೆದರಾಯಿತು ಎಂದುಕೊಂಡು ದಾನೇಶ್ವರಿ ರೊಟ್ಟಿ ಮಗುಚಿದಳು.

ಶ್ರಾವಣ ಮುಗಿಯುವತನಕ ಕಾಯಬೇಕಾಗಲಿಲ್ಲ. ಒಂದು ಮುಂಜಾನೆ ಮೀಸೆಯ ದೊಡ್ಡ ಗಂಡಸೊಬ್ಬನ ಟೊಂಕಕ್ಕೆ ಕಾಲು ಮುಟ್ಟಿಸುತ್ತಿದ್ದಂತೆಯೇ ಮುದುಕಿ ಕುಸಿದಳು. ಮೈಯೆಲ್ಲ ಬೆವರು, ಮಾತಿಲ್ಲ. ಸುತ್ತ ನಿಂತಿದ್ದವರಲ್ಲಿ ಕೆಲವರು ಮೊಬೈಲ್ ಇಳಿಸಲೇ ಇಲ್ಲ. ಕಾರಿನವನೊಬ್ಬ, ಪುಣ್ಯಾತ್ಮ, ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಮುಂಡಗೋಡದ ದವಾಖಾನೆಗೆ ಮುಟ್ಟಿಸಿದ. “ಗುಳಿಗೆ ಕೊಟ್ಟು ಊಟ ಕೊಡದ ಹಂಗ ನಿಲ್ಲಿಸೀರೇನ್ರೀ?” ಎಂದರು ಡಾಕ್ಟರು. ದಾನೇಶ್ವರಿಯ ಸೆರಗಿಗೆ ಇನ್ನೂ ಹಿಟ್ಟು ಮೆತ್ತಿಕೊಂಡಿತ್ತು.

ಗ್ಲೂಕೋಸ್ ಬಾಟಲಿ ಏರಿಸಿದ ಮೇಲೆ ಮುದುಕಿ ಕಣ್ಣು ಬಿಟ್ಟಳು. ಹೊರಗಿನ ಬೆಂಚಿನ ಮೇಲೆ ಕೂತು ದಾನೇಶ್ವರಿ ಮ್ಯಾಪಿನಿಂದ ಮನೆ ತೆಗೆಯಿರೆಂದು ಮೊಬೈಲಿನಲ್ಲೇ ಕೋರಿಕೆ ಒತ್ತಿದಳು, ರೀಲ್ ಅಳಿಸಿದಳು, ಪೇಜನ್ನೇ ಮುಚ್ಚಿದಳು. ಒಂದು ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಎಷ್ಟು ಸಸಾರದ ಕೆಲಸವಾಗಿತ್ತು! ಅವಳು ಅತ್ತದ್ದು ಅದಕ್ಕೇ.

ಆದರೆ ಮಂದಿ ಬರುವುದು ನಿಲ್ಲಲಿಲ್ಲ. ರೀಲನ್ನು ಯಾರ್ಯಾರೋ ಇಳಿಸಿಕೊಂಡು ತಮ್ಮ ಪೇಜಿನಲ್ಲಿ ಹಾಕಿದ್ದರು. ಲೊಕೇಶನ್ ನೂರಾರು ಗುಂಪುಗಳಲ್ಲಿ ಓಡಾಡುತ್ತಿತ್ತು. ಮುದುಕಿ ಕುಸಿದು ಬಿದ್ದ ವಿಡಿಯೋ ಬೇರೆ, ಕೆಳಗೆ ಹಾದಿ ಸಮೇತ. ಅಂಗಳಕ್ಕೆ ಬಂದವರನ್ನು ಹಿಂದೆ ಕಳಿಸಲು ಶಿವವ್ವ ಬಿಡುವವಳಲ್ಲ, ಡಾಕ್ಟರು ಹೇಳಿದರೂ ಅಷ್ಟೇ. ಹಾಗಾಗಿ ದಾನೇಶ್ವರಿ ಬೆಳಕು ಹರಿಯುವ ಮೊದಲೇ ಊರ ಹೊರಗಿನ ತಿರುವಿಗೆ ಹೋಗಿ ನಿಲ್ಲತೊಡಗಿದಳು. ಬಂದ ಕಾರುಗಳಿಗೆಲ್ಲ ಕೈ ಮುಗಿದು, “ಅತ್ತಿಗೆ ಆರಾಮಿಲ್ರಿ, ತಪ್ಪು ತಿಳಕೋಬ್ಯಾಡ್ರಿ, ಹಿಂದಕ್ಕ ಹೋಗ್ರಿ” ಎನ್ನುತ್ತಿದ್ದಳು. ಕೆಲವರು ಬೈದರು. ಅಷ್ಟು ದೂರದಿಂದ ಬಂದಿದ್ದೇವೆ, ಮೊಬೈಲಿನಲ್ಲಿ ಒಂದು ಸ್ಟಾರೂ ಕೊಡುವುದಿಲ್ಲ ಎಂದರು. ಕೊಡಬೇಡಿ ಎಂದಳು.

ಹೀಗೆ ಒಂದು ವಾರ ಕಳೆದ ಮೇಲೆ, ಹೊಲದ ಹಾದಿಯಿಂದ ಬಂದ ಊರಿನವರಿಬ್ಬರಿಗೆ ಮಾತ್ರ ಕಾಲು ಮುಟ್ಟಿಸಿ, ಶಿವವ್ವ ಬೆಳಗಿನ ಹೊತ್ತಿಗೇ ಊಟಕ್ಕೆ ಕೂತಳು. ತಿರುವಿನಿಂದ ಬಂದ ಸೊಸೆಯ ಕಾಲಿನ ಕೆಸರು ಮುದುಕಿಯ ಕಣ್ಣಿಗೆ ಬಿತ್ತು.

“ಯಾಕ ಹಿಂಗ ಜೀವ ತೇಯಾಕತ್ತೀಯವಾ? ನಿನ್ನ ತಪ್ಪೇನೈತಿ ಅದರಾಗ. ನೀ ಅವತ್ತ ಹೇಳಿದ್ದ ಖರೇನ ಐತಿ, ಒಮ್ಮೆ ಹಾಕಿದ್ದ ತಗಿಯಾಕ ಬರಂಗಿಲ್ಲ.”

ದಾನೇಶ್ವರಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮುದುಕಿಗೆ ಎಂದೂ ತಿಳಿಯುತ್ತಿರಲಿಲ್ಲ.

“ಬರ್ತಿತ್ತರೀ ಅತ್ತಿ,” ಎಂದಳು. “ಅವತ್ತ ತಗಿಯಾಕ ಬರ್ತಿತ್ತು. ರೊಟ್ಟಿ ಮಾರಾಟ ಆಗ್ತಿದ್ದುವಲ್ರಿ, ಅದಕ್ಕ ನಾ ನಿಮಗ ಸುಳ್ಳ ಹೇಳಿದೆ.”

ಶಿವವ್ವ ರೊಟ್ಟಿಯ ಒಂದು ತುತ್ತು ಮುರಿದಳು.

“ನಾ ಬ್ಯಾನಿ ಮಂದಿ ಸಲುವಾಗಿ ಹಸದೀನಿ ಅನ್ಕೊಂಡಿದ್ದೆ,” ಎಂದಳು.

ಆಮೇಲೆ ಆ ತುತ್ತನ್ನು ಚಟ್ನಿಗೆ ಒತ್ತಿ ಬಾಯಿಗೆ ಇಟ್ಟುಕೊಂಡಳು.